ಅತ್ತೆಯ ಬೆಡ್‌ಶೀಟು, ಅಧ್ಯಕ್ಷರ ಹಡಗು

ಲಾಂಡ್ರಿ ಅತ್ತೆಯನ್ನು ನಮ್ಮ ಸಂಘದಿಂದ ತೆಗೆದುಹಾಕಿದ್ದಾರೆ. ಕಾರಣ, ಅಶಿಸ್ತು. ಈ ಮಾತು ಬರೆಯುವಾಗಲೇ ನನಗೆ ಮೈ ಉರಿಯುತ್ತದೆ. ಅತ್ತೆಗೆ ಶಿಸ್ತಿಲ್ಲ ಅನ್ನುವುದೂ ಸಮುದ್ರಕ್ಕೆ ಉಪ್ಪು ಕಮ್ಮಿ ಅನ್ನುವುದೂ ಒಂದೇ. ಆಕೆ ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆಯಲ್ಲಿ ಗಡ್ಡ ಹೆರೆಯಬಹುದು ಎಂದು ನಮ್ಮ ಸದಸ್ಯನಾದ ಕ್ಷೌರಿಕನೇ ಹೇಳಿದ್ದಾನೆ. ಹತ್ಯಾರದ ವಿಷಯದಲ್ಲಿ ಅವನು ಸುಳ್ಳು ಹೇಳುವವನಲ್ಲ.

ಸಂಘ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮದು ಬಂದರಿನ ಊರು. ನೌಕಾಪಡೆಯ ಹಡಗುಗಳು ಬರುತ್ತವೆ, ನಿಲ್ಲುತ್ತವೆ, ಹೋಗುತ್ತವೆ. ಅವುಗಳಲ್ಲಿ ಇರುವವರಿಗಾಗಿ ನಾವು ಊರಿನ ಜನ ಕಟ್ಟಿಕೊಂಡಿರುವುದು ನಾವಿಕರ ಹಿತೈಷಿಗಳ ಸಂಘ. ಇದರಲ್ಲಿ ನಾವಿಕರು ಒಬ್ಬರೂ ಇಲ್ಲ, ಎಲ್ಲರೂ ಹಿತೈಷಿಗಳೇ. ಆ ಕ್ಷೌರಿಕ, ಒಬ್ಬ ಬೇಕರಿಯವನು, ಒಂದಿಬ್ಬರು ನಿವೃತ್ತ ಮೇಷ್ಟ್ರುಗಳು, ಸ್ಟೇಷನರಿ ಅಂಗಡಿಯ ನಾನು, ಹೀಗೆ. ಹಡಗು ಬಂದರೆ ಹುಡುಗರಿಗೆ ಬಿಸಿ ಟೀ, ನಿಲ್ಲಲು ಒಂದು ನೆರಳು. ಹಡಗು ಹೋದ ಮೇಲೆ ಅವರ ಮನೆಗಳಲ್ಲಿ ನಲ್ಲಿ ಕೆಟ್ಟರೆ ಪ್ಲಂಬರನ್ನು ಕತ್ತು ಹಿಡಿದು ಕರೆತರುವುದು. ಭಾನುವಾರ ಬೆಳಿಗ್ಗೆ, ಮುಂದೆ ನೌಕಾಪಡೆ ಸೇರುವ ಆಸೆಯ ಕೆಡೆಟ್ ಮಕ್ಕಳಿಗೆ ಪರೇಡು, ಈಜು, ಹಗ್ಗದಲ್ಲಿ ಥರಥರದ ಗಂಟು ಹಾಕುವ ಪಾಠ. ಇಷ್ಟೇ ನಮ್ಮ ಕೆಲಸ. ದೇಶ ಕಾಯುವವರ ಬಟ್ಟೆಗೆ ಗುಂಡಿ ಹೊಲಿಯುವವರು ನಾವು ಅಂತ ಅತ್ತೆ ಹೇಳುತ್ತಿದ್ದಳು.

ಅತ್ತೆಯ ಲಾಂಡ್ರಿ ಬಂದರಿನ ಹಿಂದಿನ ಗಲ್ಲಿಯಲ್ಲಿದೆ. ಮುಂದೆ ಇಸ್ತ್ರಿ ಮೇಜು, ಹಿಂದೆ ಅಂಗಳ, ಅಂಗಳದ ತುಂಬ ಹಗ್ಗ, ಹಗ್ಗದ ತುಂಬ ಬೆಳ್ಳಗಿನ ಸಮವಸ್ತ್ರ. ಗಂಡ ಹಡಗಿನ ಅಡುಗೆಮನೆಯಲ್ಲಿದ್ದ. ಮದುವೆಯಾದ ಹೊಸತರಲ್ಲಿ ಅವನನ್ನು ಕಳಿಸಿಕೊಡುವ ದಿನ ಅತ್ತೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳಂತೆ. ಹಡಗಿನ ಕೂಗು ಕೇಳಿದ್ದೇ ತಡ, ಕೈಯಲ್ಲಿದ್ದ ಒದ್ದೆ ಬೆಡ್‌ಶೀಟನ್ನು ಕೆಳಗಿಡುವುದನ್ನೂ ಮರೆತು ಓಡಿದ್ದಾಳೆ. ಸಮುದ್ರದೊಳಕ್ಕೆ ಚಾಚಿಕೊಂಡಿರುವ ಅಲೆತಡೆಯ ಗೋಡೆ ಇದೆಯಲ್ಲ, ಅದರ ತುದಿಗೆ ಹೋಗಿ, ಏನು ಮಾಡುವುದೆಂದು ತೋಚದೆ ಬೆಡ್‌ಶೀಟನ್ನೇ ಬೀಸಿದ್ದಾಳೆ. ತಿಂಗಳುಗಟ್ಟಲೆ ಕಳೆದು ಗಂಡ ಬಂದವನು ಅಂದನಂತೆ, "ದಡದ ಮೇಲೆ ಅಷ್ಟು ಜನ ಇದ್ರು, ಯಾರ ಮುಖಾನೂ ಗುರುತು ಸಿಗಲಿಲ್ಲ ಕಣೇ. ನಿನ್ನ ಬೆಡ್‌ಶೀಟು ಮಾತ್ರ ಕಂಡಿತು. ಕೊನೇತನಕ ಕಂಡಿತು."

ಅಷ್ಟು ಸಾಕಾಯಿತು. ಅವತ್ತಿನಿಂದ ಪ್ರತಿ ಸಲವೂ ಬೆಡ್‌ಶೀಟು. ಗಂಡ ತೀರಿಕೊಂಡದ್ದು ಹಡಗಿನಲ್ಲಲ್ಲ, ರಜೆಗೆ ಬಂದಾಗ, ಮನೆಯಲ್ಲಿ, ಜ್ವರ ಬಂದು. ಇನ್ನು ಬೆಡ್‌ಶೀಟು ಕಪಾಟು ಸೇರುತ್ತದೆ ಅಂತ ನಾವೆಲ್ಲ ಅಂದುಕೊಂಡೆವು. ಮುಂದಿನ ಹಡಗು ಹೊರಟ ದಿನ ನೋಡಿದರೆ ಅತ್ತೆ ಗೋಡೆಯ ತುದಿಯಲ್ಲಿದ್ದಾಳೆ. ಕೇಳಿದ್ದಕ್ಕೆ, "ಮನೆ ಇರೋರಿಗೆ ಮನೆಯವರು ಬರ್ತಾರೆ. ಇಲ್ಲದೋರಿಗೆ ಯಾರ್ರೀ ಇದಾರೆ?" ಅಂದಳು.

ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರುವುದಿಲ್ಲ. ಹಡಗು ಬಂದರು ಬಿಡುವಾಗ ನಾವಿಕರೆಲ್ಲ ಬಿಳಿ ಬಟ್ಟೆ ತೊಟ್ಟು ಅಂಚಿನ ಕಂಬಿಯುದ್ದಕ್ಕೂ ಸಾಲಾಗಿ ನಿಲ್ಲುತ್ತಾರೆ. ಕೈ ಬೀಸುವ ಹಾಗಿಲ್ಲ, ಕೂಗುವ ಹಾಗಿಲ್ಲ, ಮೂಗು ತುರಿಸಿದರೆ ಮೂಗನ್ನು ಅದರ ಪಾಡಿಗೆ ಬಿಡಬೇಕು. ನೋಡುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. ಹಾಗಾಗಿ ದಡದಲ್ಲಿ ನೋಡುವಂಥದ್ದು ಏನಿದೆ ಎನ್ನುವುದು ಅವರಿಗೆ ದೊಡ್ಡ ಮಾತು.

ಈ ಸಲ ಹೊರಟವರಲ್ಲಿ ಕಡ್ಡಿ ಇದ್ದಳು. ಕಡ್ಡಿ ನಮ್ಮದೇ ಕೆಡೆಟ್ ಹುಡುಗಿ. ಗಾಳಿ ಬಂದರೆ ಸಮವಸ್ತ್ರ ಒಂದು ಕಡೆ, ಇವಳು ಒಂದು ಕಡೆ; ಅದಕ್ಕೇ ಆ ಹೆಸರು. ಅಪ್ಪ ಇಲ್ಲ. ಅಮ್ಮ ಬೇರೆ ಮದುವೆಯಾಗಿ ದೂರದ ಊರು ಸೇರಿದ್ದಾಳೆ. ಹಾಸ್ಟೆಲಿನಲ್ಲಿ ಬೆಳೆದ ಹುಡುಗಿ ಪ್ರತಿ ಶನಿವಾರ ಸಂಜೆ ತನ್ನ ಬಟ್ಟೆಗೆ ತಾನೇ ಇಸ್ತ್ರಿ ಹಾಕಿಕೊಳ್ಳುತ್ತೇನೆಂದು ಲಾಂಡ್ರಿಗೆ ಬರುತ್ತಿದ್ದಳು. ಒಂದು ಶರ್ಟಿಗೆ ಎರಡು ಗಂಟೆ ಹಿಡಿಸುತ್ತಿತ್ತು, ಅಷ್ಟು ಮಾತು. ದೊಡ್ಡವಳಾಗಿ, ನೌಕಾಪಡೆಗೆ ಆಯ್ಕೆಯಾಗಿ, ಇದು ಮೊದಲ ಯಾನ. ಹೊರಡುವ ಹಿಂದಿನ ದಿನ ಬಂದು ಇಸ್ತ್ರಿ ಮೇಜಿಗೆ ಒರಗಿ ನಿಂತಳು. ನಾನೂ ನನ್ನ ಶರ್ಟು ತರಲು ಹೋಗಿದ್ದೆ.

"ಅತ್ತೆ, ಎಲ್ಲರ ಮನೆಯವರೂ ಬರ್ತಾರಂತೆ."

"ಬರಲಿ ಬಿಡು. ಜಾಗ ಏನು ನಿಮ್ಮಪ್ಪಂದಾ?"

"ನಮ್ಮಪ್ಪ ಇದ್ದಿದ್ರೆ ಬರ್ತಿದ್ದ."

ಅತ್ತೆ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. "ನೋಡೇ ಕಡ್ಡಿ. ಗೋಡೆ ತುದಿ ನೋಡು. ಬೇರೆ ಎಲ್ಲೂ ನೋಡಬೇಡ, ಕತ್ತು ನೋಯುತ್ತೆ. ನಾನು ಅಲ್ಲಿರ್ತೀನಿ."

"ಆಣೆ?"

"ಆಣೆ ಯಾಕೆ, ಬೆಡ್‌ಶೀಟೇ ಇದೆಯಲ್ಲ."

ಮಾತು ಕೊಟ್ಟದ್ದು ಇಷ್ಟು. ಇನ್ನು ಇದಕ್ಕೆ ಅಡ್ಡ ಬಂದವರ ಕಥೆ.

ನಮ್ಮ ಸಂಘಕ್ಕೆ ಹೊಸ ಅಧ್ಯಕ್ಷರು ಬಂದಿದ್ದಾರೆ. ಫರ್ನಿಚರ್ ಶೋರೂಮಿನ ಮಾಲೀಕರು. ಸಮುದ್ರಕ್ಕೂ ಅವರಿಗೂ ಇರುವ ಸಂಬಂಧವೆಂದರೆ, ಒಮ್ಮೆ ಜೆಟ್ಟಿಗೆ ಕಟ್ಟಿಹಾಕಿದ್ದ ಹಡಗನ್ನು ಹತ್ತಿ, ಅದು ಕಟ್ಟಿಹಾಕಿದಲ್ಲೇ ಇದ್ದಾಗಲೂ ವಾಂತಿ ಮಾಡಿಕೊಂಡು ಇಳಿದದ್ದು. ಆದರೆ ಅಧ್ಯಕ್ಷರಾದ ವಾರದಲ್ಲೇ ಜರಿ ಅಂಚಿನ ಬಿಳಿ ಟೋಪಿಯೊಂದನ್ನು ಹೊಲಿಸಿಕೊಂಡರು. ಅದನ್ನು ಹಾಕಿಕೊಂಡು ಶೋರೂಮಿನಲ್ಲಿ ಕೂತರೆ ಗಿರಾಕಿಗಳು ಮಂಚ ಕೇಳುವುದೋ ಸೆಲ್ಯೂಟ್ ಹೊಡೆಯುವುದೋ ತಿಳಿಯದೆ ಒದ್ದಾಡುತ್ತಿದ್ದರು. ಬೆನ್ನ ಹಿಂದೆ ನಾವು ಅವರನ್ನು ಅಡ್ಮಿರಲ್ ಅನ್ನುತ್ತಿದ್ದೆವು. ಯಾರೋ ಹೋಗಿ ಚಾಡಿ ಹೇಳಿದರು. ಅವರಿಗೆ ಖುಷಿಯಾಯಿತು!

ಈ ಅಡ್ಮಿರಲ್ಲು ಸಭೆ ಕರೆದು ಹೇಳಿದರು, "ಇಷ್ಟು ದಿನ ನಾವು ಬೀಳ್ಕೊಡುಗೆಯನ್ನ ಸಂತೆ ಥರ ಮಾಡ್ತಿದ್ವಿ. ಯಾರೋ ಕೂಗ್ತಾರೆ, ಯಾರೋ ಬೆಡ್‌ಶೀಟ್ ಬೀಸ್ತಾರೆ. ಇದೆಲ್ಲ ಗೌರವ ಅಲ್ಲ. ಈ ಸಲ ವೇದಿಕೆ, ಮುಖ್ಯ ಅತಿಥಿ, ಭಾಷಣ. ಸಭೆ ಅಂದ್ರೆ ಸಭೆ ಥರ ಇರಬೇಕು."

"ಸಾರ್, ಹಡಗು ನೀರು ಏರಿದಾಗ ಹೊರಟುಬಿಡುತ್ತೆ. ಭಾಷಣ ಮುಗಿಯೋದಕ್ಕೆ ಕಾಯಲ್ಲ" ಅಂತ ಅತ್ತೆ ಅಂದಳು.

"ಅದನ್ನ ನಾನು ಮಾತಾಡ್ತೀನಿ ಬಿಡೀಮ್ಮಾ" ಅಂದರು ಅಧ್ಯಕ್ಷರು. ಯಾರ ಹತ್ತಿರ ಮಾತಾಡುತ್ತಾರೆ? ಸಮುದ್ರದ ಹತ್ತಿರವೇ? ಸೋಫಾ ತಲುಪಿಸುವ ಟೆಂಪೋ ಡ್ರೈವರಿಗೆ ಅರ್ಧ ಗಂಟೆ ತಡೆ ಎಂದ ಹಾಗೆ ಉಬ್ಬರಕ್ಕೂ ಹೇಳುತ್ತಾರೆಯೇ? ಅಲ್ಲಿದ್ದ ಯಾರೂ ಕೇಳಲಿಲ್ಲ. ಟೋಪಿಯ ಜರಿ ಅಷ್ಟು ಹೊಳೆಯುತ್ತಿತ್ತು.

ಅಂದು ಬೆಳಿಗ್ಗೆ ಜೆಟ್ಟಿಯ ಮೇಲೆ ಕಂಡದ್ದನ್ನು ಹೇಳಿದರೆ ನೀವು ನಂಬುವುದಿಲ್ಲ. ಸಮುದ್ರಕ್ಕೆ ಬೆನ್ನು ಮಾಡಿ ಎತ್ತರದ ವೇದಿಕೆ. ಅದರ ಮೇಲೆ ಶೋರೂಮಿನಿಂದಲೇ ಬಂದ ಸೋಫಾಗಳು, ಪ್ಲಾಸ್ಟಿಕ್ ಕವರು ಕೂಡ ತೆಗೆದಿಲ್ಲ. ಕೂತವರು ಏಳುವಾಗ ಚರಚರ ಸದ್ದು. ಹಿಂದೆ ಮನೆಯ ಗೋಡೆಯಷ್ಟು ದೊಡ್ಡ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಒಂದು ಹಡಗಿನ ಚಿತ್ರ, ಹಡಗಿನ ಎರಡರಷ್ಟು ದೊಡ್ಡದಾಗಿ ಅಧ್ಯಕ್ಷರ ಮುಖ. ಈ ಫ್ಲೆಕ್ಸಿನ ಹಿಂದೆ, ಸರಿಯಾಗಿ ಅದರ ಹಿಂದೆ, ನಿಜವಾದ ಹಡಗು ನಿಂತಿತ್ತು. ಅಂದರೆ ಹಡಗನ್ನು ಬೀಳ್ಕೊಡಲು ಬಂದವರು ಹಡಗಿನ ಚಿತ್ರವನ್ನು ನೋಡಬೇಕು. ಹಡಗಿನಲ್ಲಿರುವವರು ಫ್ಲೆಕ್ಸಿನ ಬೋಳು ಬೆನ್ನನ್ನು ನೋಡಬೇಕು. ಇಂಥ ಬುದ್ಧಿ ಸುಮ್ಮನೆ ಬರುವುದಿಲ್ಲ, ಅದಕ್ಕೆ ಸಮಿತಿಯೇ ಬೇಕು.

ಕೆಡೆಟ್ ಮಕ್ಕಳನ್ನು ಬಿಸಿಲಿನಲ್ಲಿ ವೇದಿಕೆಯ ಎದುರು ಸಾಲಾಗಿ ನಿಲ್ಲಿಸಿದ್ದರು. ಮಕ್ಕಳ ಹಿಂದೆ ಕುರ್ಚಿಗಳಲ್ಲಿ ನಾವಿಕರ ಮನೆಯವರು. ಅತ್ತೆ ಬೆಡ್‌ಶೀಟು ಮಡಿಸಿ ಕಂಕುಳಲ್ಲಿಟ್ಟುಕೊಂಡು ಗೋಡೆಯ ಕಡೆ ಹೊರಟಳು. ಗೋಡೆಗೆ ಹೋಗುವ ಗೇಟಿಗೆ ಬೀಗ. ಮುಖ್ಯ ಅತಿಥಿಗಳ ಭದ್ರತೆಯಂತೆ. ಮುಖ್ಯ ಅತಿಥಿಗಳೋ ಇನ್ನೂ ಬಂದಿರಲೇ ಇಲ್ಲ. ವಾಪಸು ಬಂದವಳನ್ನು ಸಂಘದ ಕಾರ್ಯದರ್ಶಿ ಹಿಡಿದುಕೊಂಡ.

"ಅಬ್ಬಾ, ಒಳ್ಳೆ ಹೊತ್ತಿಗೆ ತಂದ್ರಿ ಅತ್ತೆ! ವೇದಿಕೆ ಮೇಜಿಗೆ ಬಟ್ಟೇನೇ ಇರಲಿಲ್ಲ" ಅಂದವನೇ ಬೆಡ್‌ಶೀಟನ್ನು ಎಳೆದುಕೊಂಡು ಮೇಜಿಗೆ ಹಾಸಿಬಿಟ್ಟ. ಅದರ ಮೇಲೆ ನೀರಿನ ಬಾಟಲಿಗಳು ಬಂದವು, ಹೂಗುಚ್ಛಗಳು ಬಂದವು, ಮುಖ್ಯ ಅತಿಥಿಗಳೂ ಬಂದು ಮೊಣಕೈ ಊರಿದರು.

ಅತ್ತೆ ನನ್ನ ಪಕ್ಕ ಬಂದು ನಿಂತಳು. ಮುಖ ಕೆಂಪಾಗಿತ್ತು. "ಆ ಮಗು ಗೋಡೆ ತುದಿ ನೋಡ್ತಾ ಇರುತ್ತೆ ಕಣ್ರೀ" ಅಂದಳು.

ಸ್ವಾಗತ ಆಯಿತು. ಸ್ವಾಗತ ಮಾಡಿದವರಿಗೆ ಸ್ವಾಗತ ಆಯಿತು. ಅಧ್ಯಕ್ಷರು ಮೈಕಿನ ಮುಂದೆ ಬಂದು, ಸಾಗರ ಮತ್ತು ಸೋಫಾ ಎರಡಕ್ಕೂ ಆಳ ಬೇಕು ಎಂಬಂಥದೇನೋ ಹೇಳತೊಡಗಿದರು. ಆಗ ಕೇಳಿಸಿತು, ಫ್ಲೆಕ್ಸಿನ ಹಿಂದಿನಿಂದ, ಉದ್ದನೆಯ ಕೂಗು. ನನ್ನ ಕಾಲ ಕೆಳಗಿನ ಜೆಟ್ಟಿ ಸಣ್ಣಗೆ ನಡುಗಿತು.

ಅತ್ತೆ ಕಾರ್ಯದರ್ಶಿಯ ತೋಳು ಹಿಡಿದು ಅಲುಗಿಸಿದಳು. "ಹಡಗು ಹೊರಟಿತು!"

"ಶ್! ಸ್ವಲ್ಪ ಇರಿ ಅತ್ತೆ. ಅಧ್ಯಕ್ಷರು ಹಡಗಿನ ವಿಷಯಾನೇ ಮಾತಾಡ್ತಿದಾರೆ."

ಹಿಂದಿದ್ದ ತಾಯಂದಿರು ಕತ್ತು ಉದ್ದ ಮಾಡಿದರು. ಒಬ್ಬ ಮುದುಕ ಎದ್ದು ಪಕ್ಕಕ್ಕೆ ಹೋಗಲು ನೋಡಿದ, ಸ್ವಯಂಸೇವಕನೊಬ್ಬ ಕೂರಿಸಿದ. ಮಕ್ಕಳು ಅಲುಗಾಡಲಿಲ್ಲ. ಅಲುಗಾಡಬಾರದು ಎಂದು ಕಲಿಸಿದವರು ನಾವೇ. ಅವರ ಕಣ್ಣ ಮುಂದೆ ಚಿತ್ರದ ಹಡಗು ನಿಂತಲ್ಲೇ ನಿಂತಿತ್ತು.

ಅತ್ತೆ ನನ್ನ ಪಕ್ಕದಲ್ಲಿ ಇರಲಿಲ್ಲ. ನೋಡಿದರೆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ವೇದಿಕೆಯ ಹಿಂದಕ್ಕೆ ಹೋಗುತ್ತಿದ್ದಾಳೆ.

ಆ ಫ್ಲೆಕ್ಸನ್ನು ಕಂಬಗಳಿಗೆ ಕಟ್ಟಿದ್ದು ಕೆಡೆಟ್ ಮಕ್ಕಳು. ಎಲ್ಲ ಗಂಟುಗಳ ಹಗ್ಗವನ್ನೂ ಕೆಳಕ್ಕೆ ಇಳಿಬಿಟ್ಟಿದ್ದರು. ಎಷ್ಟು ಭಾರ ಬಿದ್ದರೂ ಜಾರದ, ಆದರೆ ತುದಿ ಹಿಡಿದು ಎಳೆದರೆ ಒಮ್ಮೆಗೇ ಬಿಚ್ಚಿಕೊಳ್ಳುವ ಹಡಗಿನ ಗಂಟು ಅದು. ಭಾನುವಾರದ ಪಾಠವನ್ನು ಅಷ್ಟು ಚೆನ್ನಾಗಿ ಕಲಿತಿದ್ದವು. ಅತ್ತೆ ಒಂದು ಕಡೆಯದನ್ನು ಎಳೆದಳು. ಇನ್ನೊಂದು ಕಡೆಗೆ ಹೋಗಿ ಎಳೆದಳು. ಅಧ್ಯಕ್ಷರ ದೊಡ್ಡ ಮುಖ ಮೊದಲು ಹುಬ್ಬು ಗಂಟಿಕ್ಕಿ, ಆಮೇಲೆ ಮೂಗು ಮಡಚಿ, ನಿಧಾನವಾಗಿ ಮುಂದಕ್ಕೆ ಬಾಗಿ, ಮುಖ್ಯ ಅತಿಥಿಗಳನ್ನೂ ಸೋಫಾಗಳನ್ನೂ ಹೂಗುಚ್ಛಗಳನ್ನೂ ನಿಜವಾದ ಅಧ್ಯಕ್ಷರನ್ನೂ ಮುಚ್ಚಿಕೊಂಡು ಮಲಗಿತು. ಒಳಗಿನಿಂದ ಮೈಕಿನಲ್ಲಿ, "ಈ ಸುಸಂದರ್ಭದಲ್ಲಿ..." ಎಂಬ ಮಾತು ಕೇಳಿಬರುತ್ತಲೇ ಇತ್ತು.

ಫ್ಲೆಕ್ಸು ಇದ್ದ ಜಾಗದಲ್ಲಿ ಈಗ ಹಡಗಿತ್ತು. ಬೂದು ಬಣ್ಣದ ದೊಡ್ಡ ಹಡಗು, ಬಂದರಿನ ಬಾಯಿಯ ಹತ್ತಿರ ಹೋಗಿತ್ತು. ಕಂಬಿಯುದ್ದಕ್ಕೂ ಬೆಳ್ಳಗಿನ ಸಾಲು.

"ಯಾಕ್ರೋ ಕಂಬದ ಥರ ನಿಂತಿದೀರಿ?" ಅತ್ತೆಯ ಗಂಟಲಿಗೆ ಮೈಕು ಬೇಕಿರಲಿಲ್ಲ. "ನಿಮ್ಮಕ್ಕ ಹೋಗ್ತಿದಾಳೆ! ಬನ್ರೋ, ಹಿಡೀರೋ ಇದನ್ನ!"

ಮಕ್ಕಳಿಗೆ ಗಟ್ಟಿ ದನಿಯ ಆಜ್ಞೆ ಪಾಲಿಸಿ ಅಭ್ಯಾಸ. ಸಾಲು ಮುರಿದು ಓಡಿ ಬಂದವು. ಫ್ಲೆಕ್ಸಿನ ಅಂಚನ್ನು ಸುತ್ತಲೂ ಹಿಡಿದು, ಸೋಫಾಗಳ ಮೇಲಿಂದ ಎಳೆದು, ಜೆಟ್ಟಿಯ ಅಂಚಿಗೆ ಹೊತ್ತೊಯ್ದು ಎತ್ತಿ ಹಿಡಿದವು. ಬಣ್ಣದ ಮಗ್ಗುಲು ನಮ್ಮ ಕಡೆ, ಬಿಳಿಯ ಬೆನ್ನು ಸಮುದ್ರದ ಕಡೆ. ತಾಯಂದಿರು ಸೇರಿಕೊಂಡರು, ಆ ಮುದುಕ ಸೇರಿಕೊಂಡ, ಕ್ಷೌರಿಕ, ಬೇಕರಿಯವನು, ನಾನು. ಎತ್ತಿ ಇಳಿಸಿ, ಎತ್ತಿ ಇಳಿಸಿ, ಜಗತ್ತಿನ ಅತಿ ದೊಡ್ಡ ಬೆಡ್‌ಶೀಟನ್ನು ಬೀಸಿದೆವು. ಅತ್ತೆ ನಡುವಿನಲ್ಲಿ ನಿಂತು ಬೈಯುತ್ತಿದ್ದಳು. "ಮೇಲೆ ಎತ್ರೋ! ಊಟ ಮಾಡಿಲ್ವಾ?" ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬೈಗುಳ ನಿಂತಿರಲಿಲ್ಲ. ಹಡಗು ಒಂದು ಸಲ ಕೂಗಿತು. ನಮಗಾಗಿಯೇ ಕೂಗಿತೋ, ಅದರ ಪಾಡಿಗೆ ಕೂಗಿತೋ, ನನಗೆ ತಿಳಿಯದು.

ಮುಂದಿನ ಸಭೆಯಲ್ಲಿ ಅಧ್ಯಕ್ಷರು, ಅತ್ತೆ ಕ್ಷಮೆ ಕೇಳಬೇಕೆಂದರು.

"ಯಾಕೆ ಕೇಳ್ಲಿ? ನಿಮ್ಮ ಮುಖ ಈ ಕಡೆ ಮಾಡಿ ಹಿಡಿದೆ ಅಂತಾನಾ? ಆ ಕಡೆ ಮಾಡಿದ್ರೆ ಪಾಪ, ಹಡಗಿನ ಮಕ್ಕಳು ದಿಕ್ಕು ತಪ್ಪೋವು" ಅಂದಳು ಅತ್ತೆ. "ನನ್ನ ಬೆಡ್‌ಶೀಟ್ ಮೇಲೆ ಯಾರೋ ಕಾಫಿ ಚೆಲ್ಲಿದಾರೆ. ಅದಕ್ಕೆ ಕ್ಷಮೆ ಯಾರು ಕೇಳ್ತೀರಿ, ಮೊದಲು ಹೇಳಿ."

ಯಾರೂ ಕೇಳಲಿಲ್ಲ. ಕೈ ಎತ್ತಿ ಅವಳನ್ನು ತೆಗೆದುಹಾಕಿದರು. ಕ್ಷೌರಿಕ, ಬೇಕರಿಯವನು, ನಾನು ಕೈ ಎತ್ತಲಿಲ್ಲ. ಉಳಿದ ಕೈಗಳೇ ಸಾಕಷ್ಟಿದ್ದವು. ಸಮುದ್ರದ ಕಡೆ ಬೆನ್ನು ಹಾಕಿ ಕೂತವರೆಲ್ಲ ಇನ್ನೂ ಹಿತೈಷಿಗಳು; ಹಡಗನ್ನು ನೋಡಿದವಳೊಬ್ಬಳೇ ಅಶಿಸ್ತಿನವಳು. ಇದಕ್ಕೆ ಏನನ್ನೋಣ?

ಮೊನ್ನೆ ಕಡ್ಡಿ ಬಂದಳು. ಹಡಗಿನಿಂದ ಇಳಿದವಳು ಸಂಘದ ಟೀ ಮೇಜನ್ನು ದಾಟಿಕೊಂಡು ನೇರ ಲಾಂಡ್ರಿಗೆ ಬಂದು ಬಟ್ಟೆಯ ಮೂಟೆ ಇಳಿಸಿದಳು. ಈಗ ಕಡ್ಡಿಯಲ್ಲ, ಭುಜ ತುಂಬಿಕೊಂಡಿದ್ದಾಳೆ. ನನ್ನ ಶರ್ಟು ಮೇಜಿನ ಮೇಲಿತ್ತು, ನಾನು ಕಾಯುತ್ತಿದ್ದೆ.

"ಗೋಡೆ ತುದಿ ಖಾಲಿ ಇತ್ತು ಅತ್ತೆ" ಅಂದಳು. "ನೀವು ಬರಲಿಲ್ಲ ಅಂದ್ಕೊಂಡೆ. ಜೆಟ್ಟಿ ಮೇಲೆ ಬಿಳೀ ಗೋಡೆ ಥರ ಏನೋ ನಿಂತಿತ್ತು, ಜನಾನೇ ಕಾಣ್ಲಿಲ್ಲ. ಅಳು ಬರೋ ಹಾಗಾಯ್ತು, ಅಳೋ ಹಾಗೂ ಇಲ್ಲ. ಅಷ್ಟರಲ್ಲಿ ಆ ಗೋಡೆ ಬಿದ್ದೋಯ್ತು. ಬಿದ್ದಿದ್ದು ಎದ್ದು ಅಲ್ಲಾಡೋಕೆ ಶುರುವಾಯ್ತು! ಪಕ್ಕದವಳು ತುಟಿ ಅಲ್ಲಾಡಿಸದೆ ಕೇಳಿದ್ಳು, ಯಾರೇ ಅದು ಅಂತ. ನಾನೂ ತುಟಿ ಅಲ್ಲಾಡಿಸದೆ ಹೇಳಿದೆ, ನಮ್ಮತ್ತೆ ಅಂತ."

ಅತ್ತೆ ಮೂಟೆ ಬಿಚ್ಚಿ ಒಂದು ಬಿಳಿ ಶರ್ಟು ಎತ್ತಿದಳು. ಕಾಲರನ್ನು ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ಇದೇನೇ ಇದು, ಕಾಲರ್ ಒಗೆಯೋದು ಹೀಗಾ ನಾನು ಕಲಿಸಿದ್ದು?" ಅಂದಳು. "ಬಾ ಇಲ್ಲಿ. ಸೋಪು ತಗೋ."