ನಾನು ನೆಟ್ಟಗೆ ಮಾಡಿದ ಗೋಡೆ

ಫೋಟೊದಿಂದ ಅಕ್ಕನನ್ನು ಕತ್ತರಿಸಿದವನು ನಾನೇ ಎಂದು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಿದೆ.

ನಾನು ಏಳನೆಯ ಇಯತ್ತೆ ದಾಟಿದವನಲ್ಲ. ಬನಹಟ್ಟಿಯ ಸ್ಟುಡಿಯೊದಲ್ಲಿ ಮದುಮಕ್ಕಳ ಮೊಡವೆ ಅಳಿಸುತ್ತಿದ್ದೆ. ಆ ವಿದ್ಯೆಯನ್ನು ನಂಬಿ ಜಮಖಂಡಿಯ ಒಂದು ಗ್ರಂಥಾಲಯದವರು ಕೆಲಸ ಕೊಟ್ಟರು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಹಳೆಯ ಫೋಟೊಗಳನ್ನು ಜನರಿಂದ ತರಿಸಿ, ಸ್ಕ್ಯಾನ್ ಮಾಡಿ, ಎಲ್ಲರೂ ನೋಡುವಂತೆ ಇಂಟರ್ನೆಟ್ಟಿಗೆ ಹಾಕುವ ಕೆಲಸ. ಸ್ಕ್ಯಾನ್ ಆದದ್ದನ್ನು ಚೊಕ್ಕ ಮಾಡುವುದು ನನ್ನ ಪಾಲು. ಅಲ್ಲಿನ ಸಾಹೇಬರು ಮೊದಲ ದಿನವೇ ಹೇಳಿದ್ದರು: "ಗ್ವಾಡಿ, ಕಂಬ ನೆಟ್ಟಗ ನಿಂದರಬೇಕು. ಸೊಟ್ಟ ಇದ್ದರ ಫೋಟೊ ತಿರುಗಿಸು, ಅಂಚು ಕತ್ತರಿಸು."

ಗಲಗಲಿ ಹತ್ತಿರ ಹೊಳೆ ದಂಡೆಯಲ್ಲಿದ್ದ ನಮ್ಮ ಮನೆಯ ಫೋಟೊ ಒಂದೇ ಒಂದು ಉಳಿದಿತ್ತು, ಚಿಮ್ಮಡಕ್ಕೆ ಕೊಟ್ಟ ಅಕ್ಕನ ಟ್ರಂಕಿನಲ್ಲಿ. ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಳು. ಮನೆಯ ಗೋಡೆ, ಮುಂದೆ ಆಗಷ್ಟೇ ನಡೆಯಲು ಕಲಿತ ನಾನು, ಅಂಚಿನಲ್ಲಿ ನನ್ನ ಕೈ ಹಿಡಿದ ಅಕ್ಕ. ತವರಿನಲ್ಲಿ ಅವಳಿದ್ದ ಫೋಟೊ ಅದೊಂದೇ.

"ಮೊಮ್ಮಕ್ಕಳು ಮೊಬೈಲಿನ್ಯಾಗ ನೋಡ್ತಾವ," ಎಂದಳು.

ಗೋಡೆ ವಾಲಿತ್ತು. ತಿರುಗಿಸಿದೆ, ಕತ್ತರಿಸಿದೆ. ಅಕ್ಕ ಹೋದಳು; ನನ್ನನ್ನು ಹಿಡಿದ ಬಳೆಗಳ ಕೈ ಉಳಿಯಿತು. ಅದನ್ನು ನೋಡುತ್ತ ಕೂತಾಗಲೇ ಸಾಹೇಬರು ಹಿಂದೆ ಬಂದು, "ಗ್ವಾಡಿ ಛಲೋ ನಿಂತೈತಿ," ಎಂದರು. ಶಾಲೆಯಲ್ಲಿ ನನಗೆ ಯಾರೂ ಛಲೋ ಅಂದಿರಲಿಲ್ಲ. ಹಾಗೇ ಇಂಟರ್ನೆಟ್ಟಿಗೆ ಹಾಕಿಬಿಟ್ಟೆ.

ಅಕ್ಕ ಓಣಿಯವರನ್ನು ಕರೆದು ಮೊಬೈಲ್ ತೆರೆಸಿದಳಂತೆ. "ಏನ ವೈನಿ, ತವರಮನ್ಯಾಗ ಕೈ ಅಷ್ಟ ಬಿಟ್ಟು ಬಂದೀರೇನು?" ಎಂದಳಂತೆ ಅವಳ ಗಂಡನ ತಂಗಿ. ಅಕ್ಕ ಫೋನ್ ಮಾಡಿದಳು.

"ಕಂಪ್ಯೂಟರ ತಾನ ಕತ್ತರಸ್ತೈತಿ ಅಕ್ಕಾ," ಎಂದೆ.

"ನಿನ್ನ ಬಿಟ್ಟು ನನ್ನಷ್ಟ ಕತ್ತರಿಸೇತಿ? ಶಾಣ್ಯಾ ಐತಿ ಬಿಡು."

ಮೂಲ ಸ್ಕ್ಯಾನ್ ಕಂಪ್ಯೂಟರಿನಲ್ಲೇ ಇತ್ತು. ಸರಿಮಾಡಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಆದರೆ ಸಾಹೇಬರು ಬಂದವರಿಗೆಲ್ಲ ಆ ಗೋಡೆಯನ್ನೇ ಮಾದರಿಯೆಂದು ತೋರಿಸುತ್ತಿದ್ದರು. ಮಾದರಿಯಲ್ಲಿ ತಪ್ಪಿದೆ ಎನ್ನಲು ನಾಲಿಗೆ ಏಳಲಿಲ್ಲ. ಹೀಗೇ ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು.

ಫೋಟೊ ವಾಪಸು ಒಯ್ಯಲು ಅಕ್ಕ ಬಂದಳು. ಸಾಹೇಬರು ಅವಳಿಗೂ ಪರದೆಯ ಮೇಲೆ ಗೋಡೆ ತೋರಿಸಿದರು. ಅಕ್ಕ ಬಗ್ಗಿ ನೋಡಿದಳು.

"ಇದು ನಮ್ಮ ಮನಿ ಅಲ್ರೀ. ನಮ್ಮ ಗ್ವಾಡಿ ಖರೇನ ವಾಲಿತ್ತು. ಅದರ ಬುಡಕ ಹೋಗಬಾರದಂತ ಇವನ ಕೈ ಹಿಡಿದು ನಿಂತಿದ್ದೆ."

ಸಾಹೇಬರು ನನ್ನತ್ತ ತಿರುಗಿದರು. ಆ ಗೋಡೆಯ ಪಕ್ಕದಲ್ಲೇ ಬೆಳೆದವನು ನಾನು. ಮೌಸಿನಿಂದ ಕೈ ತೆಗೆದೆ.

"ಅಕ್ಕಾ, ಕಂಪ್ಯೂಟರ ಅಲ್ಲ. ನಾನ ನೋಡಿ ನೋಡಿ ಕತ್ತರಿಸಿದೆ. ನಂದು ತಪ್ಪಾತು."