ಬೇಲಿಯೊಳಗೆ ಬಂದ ಒಂಟೆಗಳು

ನನ್ನ ಗಂಡನಿಗೆ ಗಲ್ಫ್ ನಾಡಿನ ಸಲಾಲಾದ ಬಂದರಿನಲ್ಲಿ ಕ್ರೇನುಗಳನ್ನು ನೋಡಿಕೊಳ್ಳುವ ಕೆಲಸ. ನಾನು ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿದ್ದೇನೆ. ಧಾರವಾಡದಲ್ಲಿದ್ದಾಗ ಕಾಗೆ, ಗುಬ್ಬಿ, ಗಿಳಿ ಬಿಟ್ಟರೆ ಹಕ್ಕಿಗಳ ಗೊಡವೆಯೇ ನನಗಿರಲಿಲ್ಲ. ಇಲ್ಲಿಗೆ ಬಂದ ಮೊದಲ ಮಳೆಗಾಲದಲ್ಲಿ ಗುಡ್ಡದ ಕಣಿವೆಯೊಂದರಲ್ಲಿ ಹಳದಿ ಹೊಟ್ಟೆಯ ಹಸಿರು ಪಾರಿವಾಳವೊಂದು ಕಾಡು ಅತ್ತಿಹಣ್ಣು ಕಿತ್ತು ನುಂಗುವುದನ್ನು ಕಂಡೆ. ಅಂದಿನಿಂದ ರಜೆಯ ಶುಕ್ರವಾರ ಬಂತೆಂದರೆ ನನ್ನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ.

ಹೋಗುತ್ತ ಹೋಗುತ್ತ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಒಂಟೆಯ ಕತ್ತು ನಿಲುಕುವಷ್ಟು ಎತ್ತರದವರೆಗೆ ಯಾವ ಮರದಲ್ಲೂ ಒಂದೆಲೆ ಇರಲಿಲ್ಲ. ಮರಗಳ ಕೆಳಗೆ ಬರೀ ಮಣ್ಣು, ಒಂಟೆ ಹಿಕ್ಕೆ. ಮುದಿ ಮರಗಳಿದ್ದವು, ಮರಿ ಗಿಡಗಳಿರಲಿಲ್ಲ. ಈ ಮರಗಳು ಬಿದ್ದ ಮೇಲೆ ಹಕ್ಕಿಗಳು ಎಲ್ಲಿ ಕೂರಬೇಕು?

ಆ ಕಣಿವೆಯಲ್ಲಿ ಮೇಯುತ್ತಿದ್ದ ಒಂಟೆಗಳ ಯಜಮಾನರು ಮೇಲಿನ ದಿಬ್ಬದಲ್ಲೇ ಇದ್ದರು. ಬಿಳಿ ಗಡ್ಡದ ಹಿರಿಯರು. ಮಕ್ಕಳಿಬ್ಬರೂ ಪೇಟೆಯಲ್ಲಿ ನೌಕರಿಯಲ್ಲಿದ್ದರು. ಸಿಟ್ಟು ತಡೆಯಲಾರದೆ ಒಂದು ದಿನ ನನ್ನ ಮುರುಕು ಉರ್ದುವಿನಲ್ಲಿ ಅವರನ್ನೇ ಕೇಳಿಬಿಟ್ಟೆ: "ಇಷ್ಟು ಒಂಟೆ ಯಾಕೆ ಸಾಕಿದ್ದೀರಿ? ಕಾಡೆಲ್ಲ ತಿಂದು ಮುಗಿಸುತ್ತಿವೆಯಲ್ಲ!"

ಪರದೇಶದ ಹೆಂಗಸು ತಮ್ಮ ಒಂಟೆಗಳ ಬಗ್ಗೆ ಹೀಗೆ ಮಾತಾಡಿದ್ದಕ್ಕೆ ಅವರು ಸಿಡಿಯಬಹುದಿತ್ತು. ಬದಲಿಗೆ ಕೂರಿಸಿ ಚಹಾ ಕೊಟ್ಟರು. "ನನ್ನ ತಂದೆಯ ಕಾಲದಲ್ಲಿ ಒಂಟೆ ಕಡಿಮೆ ಇದ್ದವು ಮಗಳೇ. ಮಳೆ ಹಿಡಿದರೆ ಬಯಲಿಗೆ ಹೊಡೆದುಕೊಂಡು ಹೋಗುತ್ತಿದ್ದೆವು, ಗುಡ್ಡಕ್ಕೆ ಬಿಡುವು ಸಿಗುತ್ತಿತ್ತು. ಈಗ ಲಾರಿಯಲ್ಲಿ ಮೇವು ಬರುತ್ತದೆ, ವರ್ಷವಿಡೀ ಇಲ್ಲೇ ಎಷ್ಟು ಬೇಕಾದರೂ ಸಾಕಬಹುದು. ಒಂಟೆ ಹೆಚ್ಚಿದ್ದಷ್ಟೂ ಮನೆಗೆ ಮರ್ಯಾದೆ ಅನ್ನುತ್ತಾರೆ ನನ್ನ ಮಕ್ಕಳು" ಎಂದರು.

ಆಮೇಲೆ ಅವರು ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಮಂದೆಯ ಅರ್ಧದಷ್ಟು ಒಂಟೆಗಳನ್ನು ಮಾರಿದರು. ಸಂಬಂಧಪಟ್ಟ ಕಚೇರಿಗೆ ಅಲೆದು, ಅತ್ತಿಮರಗಳಿದ್ದ ಜಾಗಕ್ಕೆ ಬೇಲಿ ಹಾಕಲು ಒಪ್ಪಿಗೆ ತಂದರು. ಹಕ್ಕಿ ನೋಡುವ ನಾವು ಕೆಲವರು ಸೇರಿ ಕಂಬ ನೆಟ್ಟು, ಒಂಟೆಯ ಕತ್ತು ದಾಟದ ಹಾಗೆ ಎತ್ತರಕ್ಕೆ ತಂತಿ ಎಳೆದೆವು. ಒಂಟೆ ಮಾರಿದ್ದಕ್ಕೆ ಅವರ ಹಿರಿಮಗ ಅಪ್ಪನ ಜೊತೆ ಮಾತು ಬಿಟ್ಟ. ಮುದುಕರು ಆ ನೋವನ್ನು ನುಂಗಿಕೊಂಡರು. ಮುಂದಿನ ಮಳೆಗೆ ಬೇಲಿಯೊಳಗೆ ಮೊಣಕಾಲೆತ್ತರ ಹಸಿರು ಎದ್ದಿತು. ಪೊದೆಯೊಂದರಲ್ಲಿ ಉದ್ದ ಬಾಲದ ರಾಜಹಕ್ಕಿ ಗೂಡು ಕಟ್ಟಿತು.

ಅದೇ ಮಳೆಗಾಲದಲ್ಲಿ ಇಲ್ಲಿಯ ಮಳೆ ನೋಡಲು, ಈ ದೇಶದ ಇನ್ನೊಂದು ತುದಿಯ ಅಲ್ ಹೈಲ್‌ನಿಂದ ನನ್ನ ಮೈದುನ ಸಂಸಾರ ಸಮೇತ ಬಂದ, ಜೊತೆಗೆ ಇನ್ನೆರಡು ಕಾರು ಗೆಳೆಯರು. ಹೆಮ್ಮೆಯಿಂದ ಕರೆದುಕೊಂಡು ಹೋಗಿ ಆ ಜಾಗವನ್ನು ಹೊರಗಿನಿಂದ ತೋರಿಸಿದ್ದೆ. ಮರುದಿನ ನಾನು ಕೆಲಸಕ್ಕೆ ಹೋದಾಗ ಅವರೆಲ್ಲ ತಾವೇ ಅಲ್ಲಿಗೆ ಹೋಗಿ, ಗೇಟಿನ ತಂತಿ ಬಿಚ್ಚಿ, ಒಳಗೆ ಚಾಪೆ ಹಾಸಿ ಊಟ ಮಾಡಿದ್ದಾರೆ. ಗೇಟು ಹಾಕದೆ ಬಂದಿದ್ದಾರೆ.

ಸಂಜೆ ಹಿರಿಯರ ಫೋನು ಬಂತು. ನಾನೂ ಗಂಡನೂ ಓಡಿದೆವು. ಅಷ್ಟರಲ್ಲಿ ಅವರು ಕೋಲು ಹಿಡಿದು ಕೆಸರಿನಲ್ಲಿ ಜಾರುತ್ತ ಒಂಟೆಗಳನ್ನು ಹೊರಗೆ ಅಟ್ಟಿದ್ದರು. ಗಿಡಗಳ ತುದಿಯೆಲ್ಲ ಮೊಟಕಾಗಿತ್ತು. ಪೊದೆ ನೆಲಕ್ಕೆ ಒರಗಿತ್ತು. ಗೂಡು ಎಲ್ಲೂ ಕಾಣಲಿಲ್ಲ. ಚಿಪ್ಸಿನ ಖಾಲಿ ಪೊಟ್ಟಣಗಳು ಮಾತ್ರ ಮಳೆಯಲ್ಲಿ ಹೊಳೆಯುತ್ತಿದ್ದವು.

ಮನೆಗೆ ಬಂದು ಮೈದುನನನ್ನು ಕೇಳಿದೆ.

"ಒಂದೀಟ್ ಫೋಟೋ ತಗೊಂಡ್ವಿ ವೈನಿ. ಗೇಟು ಯಾರೋ ಹಾಕ್ತಾರ ಅನ್ಕೊಂಡ್ವಿ. ಒಂಟಿ ಎಲಿ ತಿಂದ್ರ ಏನಾತ್ರೀ? ಮತ್ತ ಚಿಗೀತಾವ."

"ಚಿಗಿಯೂದಿದ್ರ ಬೇಲಿ ಯಾಕ ಹಾಕ್ತಿದ್ವಿ?" ಎಂದು ಕೂಗಿದೆ. "ಆ ಮುದುಕರು ಇದಕ್ಕಂತ ಒಂಟಿ ಮಾರ್ಯಾರ. ಮಗನ್ನ ಎದುರ ಹಾಕ್ಕೊಂಡಾರ. ನಿನಗ ಒಂದು ತಂತಿ ಕಟ್ಟಾಕ ಆಗಲಿಲ್ಲೇನು?"

"ಹೋಗ್ಲಿ ಬಿಡು, ಅಪರೂಪಕ್ಕ ಬಂದಾರ" ಎಂದ ನನ್ನ ಗಂಡ. ಆ ಮಾತಿಗೆ ನನ್ನ ಮೈ ಇನ್ನಷ್ಟು ಉರಿಯಿತು. ಅತಿಥಿ ಎಂದರೆ ಊರೆಲ್ಲ ಹಾಳು ಮಾಡಲು ಪರವಾನಗಿಯೆ?

ಮರುದಿನ ಬೆಳಿಗ್ಗೆ ಮೈದುನನನ್ನು ಹಟ ಹಿಡಿದು ಕರೆದುಕೊಂಡು ಹೋದೆ. ಅವನು ತಲೆ ತಗ್ಗಿಸಿ ಹಿಂದಿಯಲ್ಲಿ ತಪ್ಪಾಯಿತು ಎಂದ. "ಖಲಾಸ್, ಖಲಾಸ್", ಆಯಿತು ಬಿಡು, ಎಂದು ಹಿರಿಯರು ಅವನ ಭುಜ ತಟ್ಟಿದರು. ಆದರೆ ಸುದ್ದಿ ಕೇಳಿ ಪೇಟೆಯಿಂದ ಬಂದು ಅಲ್ಲೇ ನಿಂತಿದ್ದ ಅವರ ಹಿರಿಮಗ ನನ್ನ ಕಡೆ ತಿರುಗಿದ. "ಒಂಟೆಗಳು ಕಾಡು ಹಾಳು ಮಾಡುತ್ತವೆ ಎಂದು ನಮ್ಮಪ್ಪನಿಗೆ ಹೇಳಿದವರು ನೀವು. ಗೇಟು ತೆಗೆದದ್ದು ಒಂಟೆಯೇ?"

ಆಮೇಲೆ ಅವನೇ ವೆಲ್ಡರನ್ನು ಕರೆಸಿ ಆ ಗೇಟನ್ನು ಶಾಶ್ವತವಾಗಿ ಮುಚ್ಚಿಸಿದ. ನಮ್ಮಂಥವರ ಮೇಲಿನ ಸಿಟ್ಟಿಗೋ, ಅಪ್ಪನ ಮೇಲಿನ ಪ್ರೀತಿಗೋ, ತಿಳಿಯದು. ಅಪ್ಪ ಮಗ ಮತ್ತೆ ಮಾತಾಡುತ್ತಿದ್ದಾರೆ. ಒಳಗೆ ಅತ್ತಿಯ ಸಸಿಗಳು ಕೆಲವು ಚಿಗುರಿವೆ, ಹಲವು ಒಣಗಿವೆ. ರಾಜಹಕ್ಕಿ ಅಲ್ಲಿ ಮತ್ತೆ ಗೂಡು ಕಟ್ಟಿದ್ದನ್ನು ನಾನಿನ್ನೂ ಕಂಡಿಲ್ಲ.

ಈ ವರ್ಷ ಮೈದುನ ಫೋನು ಮಾಡಿ, "ಮಳಿ ಚಾಲೂ ಆತೇನ್ರಿ ವೈನಿ? ಬರ್ತೀವಿ" ಎಂದ.

"ಬರ್ರಿ. ಮನ್ಯಾಗ ಇರ್ರಿ, ಹೊಟ್ಟಿ ತುಂಬ ಉಣ್ರಿ," ಎಂದೆ. "ಗುಡ್ಡಕ್ಕ ಮಾತ್ರ ನಾ ಕರಕೊಂಡು ಹೋಗಂಗಿಲ್ಲ."