ದ್ರೌಪದಮ್ಮ ಕೆಳಗೆ ಓಡಲಿಲ್ಲ

ಮಾವಳ್ಳಿಯ ವಠಾರವೊಂದರ ಮಹಡಿಯಲ್ಲಿ ದ್ರೌಪದಮ್ಮ ಒಬ್ಬರೇ ಇದ್ದರು. ಬೆಳಗ್ಗೆ ಕಲಾಸಿಪಾಳ್ಯದಲ್ಲಿ ನಿಂಬೆಹಣ್ಣು ಮಾರಿ, ಬಿಸಿಲೇರುವಷ್ಟರಲ್ಲಿ ಮನೆ ಸೇರುತ್ತಿದ್ದರು. ಇದ್ದ ಒಂದೇ ಕೋಣೆಯ ಅರ್ಧವನ್ನು ಗಟ್ಟಿಮರದ ಹಳೇ ಮೇಜೊಂದು ನುಂಗಿಹಾಕಿತ್ತು. ನೆಲದ ಮೇಲೆ ಕೂತು ಉಣ್ಣುವ ಹೆಂಗಸಿಗೆ ಇಷ್ಟು ದೊಡ್ಡ ಮೇಜೇಕೆ ಎಂದು ವಠಾರದವರು ನಗುತ್ತಿದ್ದರು.

ಮದುವೆಯಾದ ಹೊಸದರಲ್ಲಿ ಅವರು ಗುಜರಾತಿನ ಭುಜ್‌ನಲ್ಲಿದ್ದರು. ಗಂಡ ಮುರುಗೇಶ್ ಅಲ್ಲಿ ತೆಂಗಿನಕಾಯಿ ವ್ಯಾಪಾರಿಯೊಬ್ಬರ ಗೋದಾಮು ನೋಡಿಕೊಳ್ಳುತ್ತಿದ್ದ. ಭಾಷೆ ಬಾರದ ಊರಿನಲ್ಲಿ ಅವನಿಗೆ ಅವಳು, ಅವಳಿಗೆ ಅವನು. 2001ರ ಗಣರಾಜ್ಯೋತ್ಸವದ ಬೆಳಗ್ಗೆ ಚಪಾತಿಗೆ ಹಿಟ್ಟು ನಾದುತ್ತಿದ್ದಾಗ ನೆಲದೊಳಗಿನಿಂದ ಗುಡುಗು ಬಂತು. ಗೋಡೆಗಳು ತೂಗಾಡಿದವು.

"ಹೊರಗ್ ಓಡು, ದ್ರೌಪದಿ!" ಎಂದು ಕೂಗುತ್ತಾ ಮುರುಗೇಶ್ ಮೆಟ್ಟಿಲಿಗೆ ಹಾರಿದ. ದ್ರೌಪದಮ್ಮನಿಗೆ ನಿಲ್ಲಲೇ ಆಗಲಿಲ್ಲ. ಮುಗ್ಗರಿಸಿ ಅಡುಗೆಮನೆಯ ಮೇಜಿನಡಿ ಬಿದ್ದರು. ಅಲುಗಾಟ ನಿಂತಾಗ ಮೇಜು ಉಳಿದಿತ್ತು, ಮೆಟ್ಟಿಲು ಕುಸಿದಿತ್ತು.

ಪರಿಹಾರ ಶಿಬಿರಕ್ಕೆ ಕನ್ನಡ ಬಲ್ಲ ಭೂವಿಜ್ಞಾನಿಯೊಬ್ಬರು ಬಂದಿದ್ದರು. "ಯಾಕ್ ಸಾರ್ ಹಿಂಗಾಯ್ತು?" ಎಂದು ದ್ರೌಪದಮ್ಮ ಅವರ ಬೆನ್ನು ಬಿಡಲಿಲ್ಲ. ಅವರು ಒಣಕಡ್ಡಿಯೊಂದನ್ನು ಎತ್ತಿಕೊಂಡು ನಿಧಾನವಾಗಿ ಬಗ್ಗಿಸಿದರು. ಭೂಮಿಯ ಮೇಲ್ಪದರ ಹಲವು ದೊಡ್ಡ ಚೂರುಗಳಾಗಿದೆ. ನಮ್ಮ ದೇಶವನ್ನು ಹೊತ್ತ ಚೂರು ವರ್ಷವರ್ಷವೂ ಸ್ವಲ್ಪಸ್ವಲ್ಪವೇ ಉತ್ತರಕ್ಕೆ ಒತ್ತುತ್ತದೆ. ಆಳದ ಬಂಡೆ ತಾಳುವಷ್ಟು ತಾಳಿ ಒಮ್ಮೆ ಸರಕ್ಕನೆ ಜಾರುತ್ತದೆ. ಆ ಹೊಡೆತ ಅಲೆಯಾಗಿ ಹಬ್ಬಿ ನೆಲ ನಡುಗುತ್ತದೆ ಎಂದರು. ಕಡ್ಡಿ ಲಟಕ್ಕೆಂದಿತು. "ಇದ್ರಲ್ಲಿ ಯಾರ ತಪ್ಪೂ ಇಲ್ಲಮ್ಮ." ಬೈಯುವುದಕ್ಕೂ ಯಾರೂ ಇಲ್ಲವಲ್ಲ ಎಂದು ದ್ರೌಪದಮ್ಮ ಅತ್ತರು.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಢಮ್ಮೆಂಬ ಸದ್ದಿಗೆ ವಠಾರದ ಕಿಟಕಿಗಳೆಲ್ಲ ಅದುರಿದವು. ಜನ "ಭೂಕಂಪ, ಭೂಕಂಪ" ಎನ್ನುತ್ತಾ ದಡದಡನೆ ಇಳಿದರು. ದ್ರೌಪದಮ್ಮ ಮೇಜಿನಡಿ ಮುದುಡಿ, ಒಂದು ಕೈಯಿಂದ ತಲೆ ಮುಚ್ಚಿ, ಇನ್ನೊಂದರಲ್ಲಿ ಮೇಜಿನ ಕಾಲು ಹಿಡಿದರು.

ಮತ್ತೆ ಸದ್ದಿಲ್ಲ. ಕೆಳಗೆ ಮಾತು, ಆಮೇಲೆ ನಗು.

"ಎಲ್ಲಾ ಬಂದ್ರಾ?" ಯಾರೋ ಕೇಳಿದರು.

"ಹೂಂ, ಎಲ್ಲಾ ಬಂದ್ರು."

ಕೆಳಮನೆಯ ಶಶಿರೇಖಾ ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದಾಗ ತೆರೆದ ಬಾಗಿಲಿನಿಂದ ಅವರನ್ನು ಕಂಡಳು. "ಅಯ್ಯೋ, ನೀವ್ ಇಲ್ಲೇ ಇದ್ರಾ? ಅದು ಭೂಕಂಪ ಅಲ್ವಂತೆ, ಯಾವ್ದೋ ವಿಮಾನದ ಸದ್ದಂತೆ. ಎದ್ದೇಳಿ ಅಮ್ಮ."

ಅವರಿಗೆ ಏಳಲಾಗಲಿಲ್ಲ. ಮೇಜಿನ ಕಾಲು ಹಿಡಿದ ಕೈಯನ್ನೂ ಬಿಡಲಿಲ್ಲ. ಶಶಿರೇಖಾ ಬಟ್ಟೆ ಮರೆತು ಪಕ್ಕದಲ್ಲಿ ಕೂತಳು. "ನಮ್ ಜೊತೆ ಓಡಿ ಬರ್ಬಾರ್ದಿತ್ತಾ?"

"ನೆಲ ಅಲ್ಲಾಡೋವಾಗ ಮೆಟ್ಟಿಲಿಗೆ ಹೋಗ್ಬಾರ್ದು ಕಣಮ್ಮ. ತಲೆ ಕಾಪಾಡ್ಕೊಂಡು, ಗಟ್ಟಿ ಇರೋದ್ರ ಕೆಳಗೆ ಕೂತ್ಕೋಬೇಕು. ಕಿಟಕಿ ಗಾಜಿಂದ ದೂರ ಇರ್ಬೇಕು. ನಿಂತ್ಮೇಲೆ ಹುಷಾರಾಗಿ ಇಳಿದು ಬಯಲಿಗೆ ಹೋಗ್ಬೇಕು. ನಮ್ಮೆಜಮಾನ್ರು ಮೆಟ್ಟಿಲಲ್ಲೇ..." ಎಂದು ಶುರುಮಾಡಿದವರು ಮುರುಗೇಶನ ಕಥೆಯನ್ನೆಲ್ಲ ಹೇಳಿಬಿಟ್ಟರು. ಈ ವಠಾರದಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಶಶಿರೇಖಾ ಮೇಜಿನ ಕಾಲನ್ನು ಮುಟ್ಟಿ ನೋಡಿದಳು. "ನಮ್ಮನೇಲಿ ಮಗು ಮಲ್ಗೋದು ಬೀರು ಪಕ್ಕಾನೇ," ಎಂದಳು ಆಮೇಲೆ.

"ನಮ್ಮೂರಲ್ಲಿ ದೊಡ್ಡ ಭೂಕಂಪ ಆಗೋದು ಕಮ್ಮಿ ಅಂತಾರೆ. ಆದ್ರೂ ಬೀರೂನ ಗೋಡೆಗೆ ಬಿಗ್ಸು."

ಸಂಜೆ ಶಶಿರೇಖಾಳ ಗಂಡ ದೀಪಕ್ ಬೀರುವನ್ನು ಕಬ್ಬಿಣದ ಪಟ್ಟಿ ಹೊಡೆದು ಗೋಡೆಗೆ ಬಿಗಿದ; ಮಗುವಿನ ಹಾಸಿಗೆ ಎದುರುಗೋಡೆಗೆ ಹೋಯಿತು. ದ್ರೌಪದಮ್ಮನನ್ನು ಕೆಳಗೆ ಕರೆದು ಕಾಫಿ ಕೊಟ್ಟರು. ಆಮೇಲೆ ಮಗು ಅತ್ತಿತು, ಫೋನು ಬಂತು, ಮನೆಯವರೆಲ್ಲ ತಮ್ಮತಮ್ಮ ಕೆಲಸದಲ್ಲಿ ಮುಳುಗಿದರು. ದ್ರೌಪದಮ್ಮ ಲೋಟ ತೊಳೆದಿಟ್ಟು, "ಬರ್ತೀನಮ್ಮ" ಎಂದರು. ಯಾರಿಗೂ ಕೇಳಿಸಲಿಲ್ಲ. ಮೇಲೆ ಹತ್ತಿ, ದೀಪ ಹಾಕಿ, ಒಬ್ಬರಿಗಾಗುವಷ್ಟು ಅಕ್ಕಿ ತೊಳೆದು ಒಲೆಯ ಮೇಲಿಟ್ಟರು.